ಸಿಡಿಮಿಡಿಯ ‘ಮಿಡಿ’ ಯಾವುದು?

ಪ್ರಶ್ನೆ: ‘ಸಿಡಿಮಿಡಿ’ಯಲ್ಲಿ ಸಿಡಿ ಗೊತ್ತು. ಮಿಡಿ ಎಂದರೆ ಕಂಬನಿ ಮಿಡಿಯುವ ಮಿಡಿಯೇ? ಸಿಡುಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಆ ಮಿಡಿ ಅಲ್ಲ; ಉಪ್ಪಿನಕಾಯಿಯ ಮಿಡಿಯಂತೂ ಅಲ್ಲವೇ ಅಲ್ಲ. ಗಲಿಬಿಲಿ, ತಳಮಳ, ಕಸಿವಿಸಿ, ಚಡಪಡ ಇವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಎರಡನೆಯ ತುಂಡು ಪ್ರತಿ ಸಲವೂ ತುಟಿಗೇ ಬರುತ್ತದೆ: ಬ, ಮ, ವ, ಪ. ಕೊನೆಯ ಅಕ್ಷರ ಮಾತ್ರ ಹಾಗೇ ಉಳಿಯುತ್ತದೆ. ಮನಸ್ಸು ನೆಲೆ ತಪ್ಪಿದ್ದನ್ನು ಹೇಳುವ ಜೋಡುನುಡಿಗಳ ಅಚ್ಚು ಇದು. ಊಟಗೀಟದ ‘ಗೀ’ ಬೇರೆಯದು, ಅದು ಯಾವ ಪದಕ್ಕಾದರೂ ಅಂಟಿಕೊಳ್ಳುತ್ತದೆ. ತೆಲುಗಿನಲ್ಲಿ ತಳಮಳ, ಆತುರ ಎಂಬ ಅರ್ಥದ ‘ಚಿಡಿಮುಡಿ’ ಇದೆ; ಅಲ್ಲೂ ಮಕಾರವೇ. ತಮಿಳಿನ ‘ಸಿಡುಸಿಡು’ ಕಾದ ಎಣ್ಣೆಯ ಸದ್ದಿಗೂ ಸಿಡುಕು ಮೋರೆಗೂ ಸಲ್ಲುತ್ತದೆ.

ಸಿಡಿಯನ್ನು ಬೆಂಕಿಯ ಪದವೆಂದುಕೊಳ್ಳುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಅದರ ಬೇರಿನಲ್ಲಿರುವುದು ಬೆಂಕಿಯಲ್ಲ, ಬಿಗಿ. ಬಾಗಿಸಿ ಹಿಡಿದ ಬಿದಿರ ಗಳುವಿಗೆ ಜುಟ್ಟು ಕಟ್ಟಿ, ಕತ್ತು ಕಡಿದೊಡನೆ ತಲೆ ಮೇಲಕ್ಕೆ ಚಿಮ್ಮುವ ಆತ್ಮಬಲಿಗೆ ಹಿಂದೆ ‘ಸಿಡಿತಲೆ’ ಎನ್ನುತ್ತಿದ್ದರು. ಕೆಲವು ಸ್ಮಾರಕಗಲ್ಲುಗಳಲ್ಲಿ ಆ ಬಾಗಿದ ಗಳುವನ್ನೇ ಕೆತ್ತಿದ್ದಾರೆ. ಒಗ್ಗರಣೆಯ ಸಾಸಿವೆಯೂ ಹಾಗೆಯೇ. ಒಳಗಿನ ತೇವ ಆವಿಯಾಗುತ್ತದೆ, ಸಿಪ್ಪೆ ತಡೆಯುವಷ್ಟು ತಡೆದು ಬಿಟ್ಟುಕೊಡುತ್ತದೆ, ಚಟ್ ಎನ್ನುತ್ತದೆ.

ಸಿಡಿಮಿಡಿ ಎಂದರೆ ಬಿಗಿ ಇನ್ನೂ ಬಿಟ್ಟಿಲ್ಲ. ಹುಬ್ಬು ಗಂಟಾಗಿದೆ, ಮಾತು ಹೊರಬಿದ್ದಿಲ್ಲ. ಅದಕ್ಕೆ ‘ಗೊಳ್ಳು’ ಸೇರಿಸಿದರೆ ಸಾಕು, ಯಾರ ಮೇಲೆ ಎಂದು ಹೇಳಲೇಬೇಕೆಂದಿಲ್ಲ. ಸಿಡುಕು ಚಿಕ್ಕದು, ಆದರೆ ಮತ್ತೆ ಮತ್ತೆ ಬರುವಂಥದ್ದು. ಅದಕ್ಕೇ ಅದು ಸ್ವಭಾವದ ಹೆಸರೂ ಆಯಿತು: ಸಿಡುಕ, ಸಿಡುಕಿ. ಇಲ್ಲಿ ‘ಮೇಲೆ’ ಬೇಕು: ಮಗುವಿನ ಮೇಲೆ ಸಿಡುಕಿದಳು. ಸಿಡಿದೇಳುವುದು ಒಂದೇ ಸಲಕ್ಕೆ, ಪೂರ್ತಿಯಾಗಿ. ಸಾಮಾನ್ಯವಾಗಿ ‘ವಿರುದ್ಧ’ದ ಜೊತೆ ಬರುತ್ತದೆ: ರೈತರು ಕಂದಾಯದ ವಿರುದ್ಧ ಸಿಡಿದೆದ್ದರು.

ಸಭೆಯಲ್ಲಿ ಅಧಿಕಾರಿಗಳನ್ನು ಬಾಯಿಗೆ ಬಂದಂತೆ ಬೈದ ಸುದ್ದಿಗೆ ‘ಸಚಿವರ ಸಿಡಿಮಿಡಿ’ ಎಂದು ತಲೆಬರಹ ಕೊಡುವುದು ಹಾಗಾಗಿ ಸಡಿಲ ಬಳಕೆ. ಬೈದಾಯಿತು ಅಂದಮೇಲೆ ಸಿಡಿಮಿಡಿಯ ಹಂತ ದಾಟಿತು. ಅಲ್ಲಿ ‘ಹರಿಹಾಯ್ದರು’ ಸರಿ. ‘ಕಿಡಿಕಾರಿದರು’ ಕೂಡ ಆದೀತು. ‘ಸಿಡಿಕಾರಿದರು’ ಮಾತ್ರ ಎರಡನ್ನೂ ಕಲಸಿ ಮಾಡಿದ್ದು.