ಗ್ರಾನೈಟ್ ಕತ್ತರಿಸುವಾಗ ಯಾವ ಮಾಸ್ಕ್ ಧರಿಸಬೇಕು?

ಪ್ರಶ್ನೆ (ಪುಣೆಯ ಭೋಸರಿಯಿಂದ):
ವಿಜಯಪುರದ ಕಡೆಯಿಂದ ಬಂದ ನನ್ನ ತಮ್ಮ ಇಲ್ಲಿ ಅಡುಗೆಮನೆಯ ಕಟ್ಟೆಗಳಿಗೆ ಗ್ರಾನೈಟ್ ಕತ್ತರಿಸುತ್ತಾನೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೂ ಸಂಜೆ ಮೂಗಿನೊಳಗೆಲ್ಲ ಬಿಳಿ ಧೂಳಿರುತ್ತದೆ. ಎನ್‌95 ಕೊಡಿಸಿದರೆ ಸಾಕೇ? ಅವನಿಗೆ ಗಡ್ಡವಿದೆ.

ಉತ್ತರ 1:
ಕರವಸ್ತ್ರದಿಂದ ಉಪಯೋಗವಿಲ್ಲ. ಗ್ರಾನೈಟಿನ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ತರುತ್ತವೆ; ಅದು ವಾಸಿಯಾಗುವ ಕಾಯಿಲೆಯಲ್ಲ. ಎನ್‌95 ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇಕಡಾ 95ರಷ್ಟನ್ನು ತಡೆಯುತ್ತದೆ ಎಂಬುದು ನಿಜವಾದರೂ, ಆ ಲೆಕ್ಕ ಸೋಸುವ ಪದರಕ್ಕೆ ಸಂಬಂಧಿಸಿದ್ದೇ ಹೊರತು ಅಂಚಿನಿಂದ ನುಸುಳುವ ಗಾಳಿಗೆ ಸಂಬಂಧಿಸಿದ್ದಲ್ಲ. ಗಡ್ಡವಿದ್ದರೆ ಅಂಚು ಚರ್ಮಕ್ಕೆ ಅಂಟಿ ಕೂರುವುದಿಲ್ಲ. ಎರಡು ದಿನದ ಕುರುಚಲು ಕೂಡ ತೊಡಕೇ. ಅವರು ಗಡ್ಡ ತೆಗೆಯಲು ಒಪ್ಪದಿದ್ದರೆ, ಬ್ಯಾಟರಿಯ ಫ್ಯಾನಿನಿಂದ ಶುದ್ಧಗಾಳಿ ಊದುವ, ತಲೆ ಮುಚ್ಚುವ ಸಡಿಲ ಹುಡ್‌ನಂಥದ್ದು ಬೇಕಾಗುತ್ತದೆ, ಅದು ದುಬಾರಿ.

ಉತ್ತರ 2:
ಮಾಸ್ಕ್ ಕೊನೆಯ ರಕ್ಷಣೆ ಎಂಬುದನ್ನು ಮೊದಲು ಮಾಲೀಕರಿಗೆ ತಿಳಿಸಿ. ಬ್ಲೇಡಿನ ಮೇಲೆ ನೀರು ಹರಿಯುತ್ತಿದ್ದರೆ ಬಹುಪಾಲು ಧೂಳು ಏಳುವುದೇ ಇಲ್ಲ. ಒಣ ಪೊರಕೆಯಿಂದ ಗುಡಿಸುವುದನ್ನೂ ನಿಲ್ಲಿಸಬೇಕು. ಮಾಸ್ಕ್ ಕೊಳ್ಳುವಾಗ ಐಎಸ್ 9473 (ಧೂಳು ಸೋಸುವ ಮಾಸ್ಕ್‌ಗಳ ಭಾರತೀಯ ಮಾನಕ) ಎಂಬ ಗುರುತು ನೋಡಿ. ಎರಡೂ ಪಟ್ಟಿಗಳನ್ನು ತಲೆಯ ಹಿಂದೆ ಹಾಕಿ, ಮೂಗಿನ ತಂತಿಯನ್ನು ಒತ್ತಿ, ಜೋರಾಗಿ ಉಸಿರು ಬಿಟ್ಟಾಗ ಅಂಚಿನಲ್ಲಿ ಗಾಳಿ ಸೋರುವುದೇ ಎಂದು ಪ್ರತಿ ಬಾರಿಯೂ ಪರೀಕ್ಷಿಸಲಿ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಕಲ್ಲು ಅಂಟಿಸುವ ರಾಸಾಯನಿಕದ ಅಥವಾ ಥಿನ್ನರಿನ ಆವಿಯನ್ನು ಎನ್‌95 ತಡೆಯುವುದಿಲ್ಲ. ಅದಕ್ಕೆ ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ (ಡಬ್ಬಿ) ಇರುವ ಮಾಸ್ಕ್ ಬೇರೆಯೇ ಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನೀರಿನ ಪೈಪಿನ ವಿಷಯವನ್ನು ನಾಳೆಯೇ ಮಾಲೀಕರ ಬಳಿ ಎತ್ತುತ್ತೇನೆ. ಗಡ್ಡದ ವಿಷಯಕ್ಕೆ ಅವ್ವನಿಂದಲೇ ಹೇಳಿಸಬೇಕು.