ಅಪ್ಪ ಇಇಇ ಅಂತಾರೆ, ಮಾವ ಸಿಎಸ್ ಅಂತಾರೆ. ಆಪ್ಷನ್ ಎಂಟ್ರಿಗೆ ಮೊದಲು ಸ್ವಲ್ಪ ಹೇಳಿ

ರಿವೈಂಡಿಂಗ್_ಅಂಗಡಿ_ಮಗಳು:

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರಿನವಳು. ಈ ವರ್ಷ ಸೆಕೆಂಡ್ ಪಿಯು ಮುಗಿಸಿ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಬರೆದಿದ್ದೇನೆ. ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಕ್ರಮವಾಗಿ ಹಾಕುವುದು ಬಾಕಿ. ರ‍್ಯಾಂಕ್ ತೀರಾ ಚೆನ್ನಾಗಿಯೂ ಇಲ್ಲ, ತೀರಾ ಕೆಟ್ಟದ್ದೂ ಅಲ್ಲ. ಸಿಇಟಿ ಅಂಕ ಪರವಾಗಿಲ್ಲ, ಆದರೆ ಅರ್ಧ ರ‍್ಯಾಂಕ್ ಪಿಯು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಅಂಕದ್ದೇ ಅಲ್ವಾ, ಅಲ್ಲಿ ಕೆಮಿಸ್ಟ್ರಿ ಕೈಕೊಟ್ಟಿತು. ಕಳೆದ ವರ್ಷದ ಕಟ್‌ಆಫ್ ನೋಡಿದರೆ ಬೆಂಗಳೂರಿನ ಒಂದು ಹಳೆಯ, ಒಳ್ಳೆಯ ಕಾಲೇಜಿನಲ್ಲಿ ಇಇಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್) ಸಿಗಬಹುದು. ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬೇಕೆಂದರೆ ಅದಕ್ಕಿಂತ ಸ್ವಲ್ಪ ಕೆಳಗಿನ ಕಾಲೇಜು. ಸಿಎಸ್ಸೇ (ಕಂಪ್ಯೂಟರ್ ಸೈನ್ಸ್) ಬೇಕೆಂದರೆ ಮೊನ್ನೆ ಮೊನ್ನೆ ಶುರುವಾದದ್ದು, ಅದೂ ಊರಾಚೆ.

ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಸುಟ್ಟ ಪಂಪ್‌ಸೆಟ್ ಮೋಟಾರ್‌ಗಳು ಅಂಗಡಿ ಮುಂದೆ ಸಾಲು ನಿಲ್ಲುತ್ತವೆ. "ಇಇಇ ತಗೋ, ಕರೆಂಟ್ ಇರೋತನಕ ಕೆಲಸ ಇರ್ತೈತಿ" ಅಂತಾರೆ ಅಪ್ಪ. ಬೆಂಗಳೂರಿನಲ್ಲಿರುವ ಸೋದರಮಾವ "ಸಿಎಸ್ ಬಿಟ್ಟು ಬೇರೆ ಬರೆದರೆ ನಾಲ್ಕು ವರ್ಷ ನೀರಿಗೆ ಹಾಕಿದ ಹಾಗೆ" ಅಂತಾರೆ. ಇಬ್ಬರೂ ಫೋನಿನಲ್ಲಿ ಮಾತು ಬಿಡುವಷ್ಟಾಗಿದೆ.

ನನಗೇನು ಇಷ್ಟ ಅಂದರೆ, ಪಿಯು ಫಿಸಿಕ್ಸ್‌ನ ಲಾಜಿಕ್ ಗೇಟ್ ಪಾಠ ತುಂಬಾ ಇಷ್ಟವಾಗಿತ್ತು. ಅಂಗಡಿಗೆ ಬರುವ ಮೋಟಾರ್‌ಗಳು ಜಾಸ್ತಿ ಸುಡುವುದು ಮೂರರಲ್ಲಿ ಒಂದು ಫೇಸ್ ಹೋದಾಗ. ಹಾಗಾಗಿ ರಜೆಯಲ್ಲಿ ಒಂದು ಆರ್ಡುಯಿನೊ ಬೋರ್ಡ್ (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ತರಿಸಿ, ಫೇಸ್ ಹೋದರೆ ಸ್ಟಾರ್ಟರ್ ಆಫ್ ಮಾಡುವ ಒಂದು ಸಾಧನ ಮಾಡಿದೆ. ಅಂಥದ್ದು ಮಾರ್ಕೆಟ್‌ನಲ್ಲೇ ಸಿಗುತ್ತದೆ, ಗೊತ್ತು. ಸುಮ್ನೆ ಮಾಡಿದೆ.

ಈ ಮೂರರಲ್ಲಿ ಓದುವುದು ನಿಜಕ್ಕೂ ಏನು ಬೇರೆ? ಇಇಇ ಓದಿ ಸಾಫ್ಟ್‌ವೇರ್‌ಗೆ ಹೋಗಲು ಆಗುತ್ತದಾ? ಲಿಸ್ಟ್‌ನಲ್ಲಿ "ಎಲೆಕ್ಟ್ರಾನಿಕ್ಸ್ ಅಂಡ್ ಕಂಪ್ಯೂಟರ್" ಅಂತ ಬೇರೆ ಒಂದಿದೆ, ಅದೇನು?

ಬಸ್‌ಬಾರ್:

ತಂಗಿ, ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲೇ ಇಇಇ ಮಾಡಿದವನು. ಈಗ 220 ಕೆವಿ ಸಬ್‌ಸ್ಟೇಷನ್ ಒಂದರಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ನಿನ್ನೆ ನೈಟ್ ಶಿಫ್ಟ್ ಇತ್ತು, ಕಣ್ಣು ಉರಿಯುತ್ತಿದೆ, ಆದರೂ ಇದಕ್ಕೆ ಉತ್ತರ ಬರೆಯದೆ ಮಲಗಲು ಮನಸ್ಸಾಗಲಿಲ್ಲ.

ಮೊದಲು ಒಂದು ಕೆಲಸ ಮಾಡು. ವಿಟಿಯು ವೆಬ್‌ಸೈಟ್‌ನಿಂದ ಮೂರೂ ಬ್ರಾಂಚ್‌ಗಳ ಮೂರನೇ ಸೆಮ್‌ನಿಂದ ಆರನೇ ಸೆಮ್‌ವರೆಗಿನ ಸಿಲಬಸ್ ಇಳಿಸಿಕೋ. ಮೊದಲ ವರ್ಷ ನೋಡಿ ಪ್ರಯೋಜನವಿಲ್ಲ, ಅಲ್ಲಿ ಹೆಚ್ಚು ಕಮ್ಮಿ ಎಲ್ಲರಿಗೂ ಅದೇ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ. (2022ರ ಸ್ಕೀಮ್ ಬಂದ ಮೇಲೆ ಗಣಿತವನ್ನು ಸ್ಟ್ರೀಮ್ ಪ್ರಕಾರ ಬೇರೆ ಮಾಡಿದ್ದಾರೆ, ಇರಲಿ.) ಅಸಲಿ ವ್ಯತ್ಯಾಸ ಶುರುವಾಗುವುದು ಎರಡನೇ ವರ್ಷ.

ಇಇಇಯಲ್ಲಿ ಸರ್ಕ್ಯೂಟ್ ಅನಾಲಿಸಿಸ್ ಆದಮೇಲೆ ಟ್ರಾನ್ಸ್‌ಫಾರ್ಮರ್, ಜನರೇಟರ್, ಇಂಡಕ್ಷನ್ ಮೋಟಾರ್. ಆಮೇಲೆ ಟ್ರಾನ್ಸ್‌ಮಿಷನ್ ಲೈನ್, ಪವರ್ ಎಲೆಕ್ಟ್ರಾನಿಕ್ಸ್, ಕಂಟ್ರೋಲ್, ಪವರ್ ಸಿಸ್ಟಮ್, ಪ್ರೊಟೆಕ್ಷನ್. ನಿಮ್ಮಪ್ಪನಿಗೆ ಯಾವ ಮೋಟಾರ್‌ಗೆ ಯಾವ ಗೇಜ್ ವೈರ್, ಎಷ್ಟು ಸುತ್ತು ಅಂತ ಕೈಗೇ ಗೊತ್ತಿರುತ್ತದೆ. ಅಷ್ಟೇ ಸುತ್ತು ಯಾಕೆ ಅಂತ ನೀನು ನಾಲ್ಕನೇ ಸೆಮ್‌ನಲ್ಲಿ ಲೆಕ್ಕ ಹಾಕುತ್ತೀ. ಆ ಲೆಕ್ಕ ನೋಡಿ ಖುಷಿಯಾದರೆ ಇಇಇ ನಿನ್ನದು. ಬೇಜಾರಾದರೆ, ಅಪ್ಪನ ಮೇಲೆ ಎಷ್ಟೇ ಪ್ರೀತಿ ಇದ್ದರೂ ತಗೋಬೇಡ.

ಇಇಇ ಅಂದರೆ ಹಳೇ ಕಾಲದ್ದು ಅನ್ನುವವರು ಜಾಸ್ತಿ. ನಮ್ಮ ಕಂಟ್ರೋಲ್ ರೂಮ್‌ಗೆ ಬಂದು ನೋಡಲಿ. ಮೊದಲು ಡಿಸ್ಕ್ ತಿರುಗುವ ರಿಲೇಗಳಿದ್ದವು (ಫಾಲ್ಟ್ ಕಂಡರೆ ಲೈನ್ ಆಫ್ ಮಾಡಿಸುವ ಸಾಧನ). ಈಗ ಎಲ್ಲಾ ನ್ಯೂಮರಿಕಲ್, ಅಂದರೆ ಒಳಗೆ ಪ್ರೊಸೆಸರ್. ಹೊಸ ಸ್ಟೇಷನ್‌ಗಳಲ್ಲಿ ಅವು ಐಇಸಿ 61850 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಫೈಬರ್ ಮೇಲೆ ಒಂದಕ್ಕೊಂದು ಮಾತಾಡುತ್ತವೆ. ಲೈನ್ ಟ್ರಿಪ್ ಆದರೆ ನಾವು ಮೊದಲು ಓಡುವುದು ಲ್ಯಾಪ್‌ಟಾಪ್ ಹತ್ತಿರ. ರಿಲೇಯಿಂದ ರೆಕಾರ್ಡ್ ಇಳಿಸಿ, ಅಲೆಗಳನ್ನು ನೋಡಿ, ಫಾಲ್ಟ್ ಎಷ್ಟು ಕಿಲೋಮೀಟರ್ ದೂರದಲ್ಲಿ ಅಂತ ತಿಳಿದುಕೊಂಡ ಮೇಲೆಯೇ ಗ್ಯಾಂಗ್ ಹೊರಡುವುದು. ಇನ್ನು ಪಾವಗಡದ ಸೋಲಾರ್ ಪಾರ್ಕ್ ಇದೆಯಲ್ಲ, 2050 ಮೆಗಾವ್ಯಾಟ್. ಮೋಡ ಬಂದರೆ ಅಲ್ಲಿನ ಉತ್ಪಾದನೆ ಇಳಿಯುತ್ತದೆ, ಆದರೆ ಗ್ರಿಡ್ 50 ಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲಬೇಕು. ಅದನ್ನು ಮೊದಲೇ ಅಂದಾಜು ಮಾಡುವವರಿಗೆ ಕೋಡಿಂಗೂ ಬೇಕು, ಪವರ್ ಸಿಸ್ಟಮ್ಮೂ ಬೇಕು. ಎರಡೂ ಗೊತ್ತಿರುವವರು ಸಿಗುವುದೇ ಕಷ್ಟ.

ಇನ್ನೊಂದು ಮಾತು. ಕೆಪಿಟಿಸಿಎಲ್‌ನ (ರಾಜ್ಯದ ವಿದ್ಯುತ್ ಪ್ರಸರಣ ನಿಗಮ) ಎಇ, ಅಂದರೆ ಅಸಿಸ್ಟೆಂಟ್ ಇಂಜಿನಿಯರ್ ಎಲೆಕ್ಟ್ರಿಕಲ್ ಹುದ್ದೆಗೆ ಎಲೆಕ್ಟ್ರಿಕಲ್ ಡಿಗ್ರಿಯೇ ಬೇಕು. ಸಿಎಸ್ ಮಾಡಿದವರು ಅರ್ಜಿ ಹಾಕುವಂತಿಲ್ಲ. ಆದರೆ ಇಇಇ ಮಾಡಿದವಳು ಸಾಫ್ಟ್‌ವೇರ್‌ಗೆ ಹೋಗಬಹುದು, ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಸೈನ್ಸ್ ಪೇಪರ್ ಬೇಕಾದರೂ ಬರೆಯಬಹುದು. ಹಾಗಂತ ಸರ್ಕಾರಿ ಕೆಲಸ ನಂಬಿಕೊಂಡು ಸೇರಬೇಡ, ಆ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ.

"ಹುಡುಗಿಗೆ ಫೀಲ್ಡ್ ಕೆಲಸ ಯಾಕೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ರಿಲೇ ಟೆಸ್ಟಿಂಗ್ ಕಲಿಸಿದ್ದು ಒಬ್ಬ ಮೇಡಂ.

ಕ್ಲಾಕ್_ಎಡ್ಜ್:

ಬಸ್‌ಬಾರ್ ಸರ್ ಚೆನ್ನಾಗಿ ಬರೆದಿದ್ದೀರಿ, ಆದರೆ "ಇಇಇ ಮಾಡಿದವಳು ಸಾಫ್ಟ್‌ವೇರ್‌ಗೆ ಹೋಗಬಹುದು" ಅನ್ನುವುದನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕ್ಯಾಂಪಸ್‌ಗೆ ಬರುವ ಪ್ರತಿ ಕಂಪನಿಯೂ ಯಾವ ಬ್ರಾಂಚ್‌ನವರು ಕೂರಬಹುದು ಅಂತ ಮೊದಲೇ ಪಟ್ಟಿ ಕೊಡುತ್ತದೆ. ಸಾವಿರಗಟ್ಟಲೆ ಜನರನ್ನು ತೆಗೆದುಕೊಳ್ಳುವ ಸರ್ವೀಸ್ ಕಂಪನಿಗಳು ಎಲ್ಲರನ್ನೂ ಕೂರಿಸುತ್ತವೆ. ಒಳ್ಳೆಯ ಸಂಬಳದ ಪ್ರಾಡಕ್ಟ್ ಕಂಪನಿಗಳಲ್ಲಿ ಎಷ್ಟೋ ಕಡೆ ಸಿಎಸ್, ಐಎಸ್ (ಇನ್ಫರ್ಮೇಶನ್ ಸೈನ್ಸ್), ಕೆಲವು ಸಲ ಇಸಿ, ಅಷ್ಟೇ. ಜೊತೆಗೆ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಎಲ್ಲಾ ಸ್ವಂತ ಓದಬೇಕು. ಬೆಳಗ್ಗೆ ಮಷೀನ್ಸ್ ಲ್ಯಾಬ್, ರಾತ್ರಿ ಕೋಡಿಂಗ್. ಮಾಡಿದವರಿದ್ದಾರೆ, ಆದರೆ ಅದು ಎರಡು ಡಿಗ್ರಿಯ ಕೆಲಸ.

ನಾನು ಇಸಿ. ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಮಾಡುತ್ತೇನೆ. ಚಿಪ್ ಫ್ಯಾಬ್‌ಗೆ (ಚಿಪ್ ತಯಾರಿಸುವ ಕಾರ್ಖಾನೆ) ಹೋಗುವ ಮೊದಲೇ ಅದರ ಡಿಸೈನ್‌ನಲ್ಲಿ ತಪ್ಪು ಹುಡುಕುವ ಕೆಲಸ. ಇಡೀ ದಿನ ಬರೆಯುವುದು ಸಿಸ್ಟಮ್‌ವೆರಿಲಾಗ್ ಕೋಡ್, ಆದರೆ ತಲೆಯಲ್ಲಿ ಓಡುವುದು ಫ್ಲಿಪ್‌ಫ್ಲಾಪ್ (ಒಂದು ಬಿಟ್ ನೆನಪಿಡುವ ಸರ್ಕ್ಯೂಟ್) ಮತ್ತು ಅದಕ್ಕೆ ತಾಳ ಹಾಕುವ ಕ್ಲಾಕ್. ಲಾಜಿಕ್ ಗೇಟ್ ಇಷ್ಟ ಅಂದಿದ್ದೀರಲ್ಲ, ಅದರ ಮುಂದುವರಿದ ಭಾಗವೇ ಇದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಈ ಕೆಲಸ ಇಲ್ಲಿ ಬೆಳೆಯುತ್ತಲೇ ಇದೆ. ನಿಮ್ಮ ಫೇಸ್ ಸಾಧನದಂಥದ್ದು ಎಂಬೆಡೆಡ್ (ಉಪಕರಣದೊಳಗೇ ಕೂತು ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್), ಅದೂ ಇಸಿಗೇ ಹತ್ತಿರ.

ಆದರೆ ಇಸಿ ಅಂದರೆ ಬರೀ ಡಿಜಿಟಲ್ ಅಂತ ತಿಳಿಯಬೇಡಿ. ಸಿಗ್ನಲ್ಸ್ ಬರುತ್ತದೆ, ಕಮ್ಯುನಿಕೇಶನ್ ಬರುತ್ತದೆ, ಮ್ಯಾಕ್ಸ್‌ವೆಲ್ ಸಮೀಕರಣಗಳು ಬರುತ್ತವೆ. ನಮ್ಮ ಕ್ಲಾಸಿನಲ್ಲಿ ಫೀಲ್ಡ್ ಥಿಯರಿ ಪರೀಕ್ಷೆಯ ಹಿಂದಿನ ರಾತ್ರಿ ದೇವರ ಫೋಟೋ ಹುಡುಕದವರು ಕಡಿಮೆ.

"ಎಲೆಕ್ಟ್ರಾನಿಕ್ಸ್ ಅಂಡ್ ಕಂಪ್ಯೂಟರ್" ಅಂದರೆ ಇಸಿಯಿಂದ ಸ್ವಲ್ಪ ಕಮ್ಯುನಿಕೇಶನ್ ತೆಗೆದು, ಆ ಜಾಗಕ್ಕೆ ಸಿಎಸ್ ವಿಷಯಗಳನ್ನು ಹಾಕಿದ್ದು. ನಿಮ್ಮ ಆಸಕ್ತಿಗೆ ಹೊಂದಬಹುದು. ಒಂದೇ ಎಚ್ಚರ. ಸರ್ಕಾರಿ ನೇಮಕಾತಿ ಅಧಿಸೂಚನೆಗಳಲ್ಲಿ ಬ್ರಾಂಚ್ ಹೆಸರು ಹಾಕಿಯೇ ಕರೆಯುತ್ತಾರೆ. ಹೆಸರು ಹೊಸದಾದರೆ "ಇದೂ ಅದಕ್ಕೆ ಸಮ" ಅಂತ ಕಾಗದ ಹಿಡಿದು ಅಲೆಯಬೇಕಾದೀತು. ಅಲ್ಲಿಗೆ ಹೋಗುವ ಯೋಚನೆ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಕೊನೇ_ಬೆಂಚ್_ಸಿಎಸ್:

ನಾನು ಹೊಸ ಕಾಲೇಜಿನಲ್ಲಿ ಸಿಎಸ್ ಮಾಡುತ್ತಿರುವವನು, ಈಗ ಕೊನೆಯ ವರ್ಷ. ಹೆಸರು ಬೇಡ ಬಿಡಿ. ಸಿಎಸ್ ತಪ್ಪಲ್ಲ, ನನಗೆ ಇಷ್ಟವಾಗಿಯೇ ಇದೆ. ಆದರೆ ಇಲ್ಲಿ ಡಿಬಿಎಂಎಸ್ (ಡೇಟಾಬೇಸ್ ಪಾಠ) ಹೇಳಿಕೊಡುವವರು ಒಂದೇ ವರ್ಷದಲ್ಲಿ ಮೂರು ಸಲ ಬದಲಾದರು. ಗೇಟಿನ ಮುಂದಿನ ಪ್ಲೇಸ್‌ಮೆಂಟ್ ಬ್ಯಾನರ್‌ನಲ್ಲಿ ಒಬ್ಬಳೇ ಹುಡುಗಿಯ ಫೋಟೋ ಎರಡು ಕಂಪನಿಗಳ ಕೆಳಗಿದೆ. ಮಾವನವರಿಗೆ ಹೇಳಿ, ಸಿಎಸ್ ಅನ್ನುವ ಹೆಸರೊಂದೇ ಸಾಲದು, ಒಳಗೆ ಕಲಿಸುವವರು ಇರಬೇಕು. ಎಐಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತೆಲ್ಲ ಇರುವುದರಲ್ಲೂ ಎರಡನೇ ವರ್ಷದವರೆಗೆ ಪಾಠ ಹೆಚ್ಚು ಕಮ್ಮಿ ಒಂದೇ.

ರಿವೈಂಡಿಂಗ್_ಅಂಗಡಿ_ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಲಬಸ್ ಇಳಿಸಿ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಇಇಇಯ ಮೋಟಾರ್ ಪಾಠದ ಹೆಸರು ಕೇಳಿ ಅಪ್ಪ ಖುಷಿಪಟ್ಟರು, ಆದರೆ ನನಗೆ ಇಸಿಯ ಡಿಜಿಟಲ್ ಡಿಸೈನ್, ಮೈಕ್ರೋಕಂಟ್ರೋಲರ್ ನೋಡಿಯೇ ಮನಸ್ಸು ಆ ಕಡೆ ವಾಲಿತು. ಹಾಗಾದರೆ ಮೊದಲು ಇಸಿ ಹಾಕಿ, ಕೆಳಗೆ ಆ ಹಳೆಯ ಕಾಲೇಜಿನ ಇಇಇ ಹಾಕಲಾ? ಕೆಳಗಿನದು ಸಿಕ್ಕಿದರೆ ಚಾಯ್ಸ್ 2 ಒತ್ತಬೇಕಾ? ಇದು ನನಗೆ ಸರಿಯಾಗಿ ಅರ್ಥವಾಗಿಲ್ಲ.

ಬಸ್‌ಬಾರ್:

ಹಾಗೇ ಹಾಕು. ನಿಜವಾಗಿ ಬೇಕಾದದ್ದು ಮೇಲೆ, ಸಿಕ್ಕರೆ ಸಾಕು ಅನ್ನುವುದು ಕೆಳಗೆ. ಕಟ್‌ಆಫ್ ನೋಡಿ ಹೆದರಿ ಉಲ್ಟಾ ಹಾಕಬೇಡ, ಮೇಲಿನದು ಸಿಗದಿದ್ದರೆ ಅದು ತಾನಾಗಿ ಕೆಳಗಿನದನ್ನು ನೋಡುತ್ತದೆ. ಚಾಯ್ಸ್ 1 ಅಂದರೆ ಇದೇ ಸಾಕು, ಸೇರುತ್ತೇನೆ ಅಂತ. ಚಾಯ್ಸ್ 2 ಅಂದರೆ ಇದು ಕೈಯಲ್ಲಿರಲಿ, ಮೇಲಿನದು ಬಂದರೆ ಕೊಡಿ ಅಂತ. ಮೇಲಿನದು ಬಂದಿತೋ, ಕೈಯಲ್ಲಿದ್ದದ್ದು ಹೋಯಿತು, ವಾಪಸ್ ಕೇಳುವಂತಿಲ್ಲ. ಅದಕ್ಕೇ ಮಾವನ ಸಮಾಧಾನಕ್ಕೆ ಅಂತ ಆ ಊರಾಚೆಯ ಸಿಎಸ್ ಅನ್ನು ಮೇಲೆಲ್ಲೋ ಸೇರಿಸಿಬಿಡಬೇಡ. ಚಾಯ್ಸ್ 3 ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಅಂತ. 4 ಒತ್ತಿದರೆ ಪೂರ್ತಿ ಹೊರಗೆ. ಅಣಕು ಹಂಚಿಕೆ (ಅಸಲಿ ಹಂಚಿಕೆಗೆ ಮೊದಲು ತೋರಿಸುವ ಪ್ರಯೋಗ) ಬಂದ ಮೇಲೂ ಕ್ರಮ ಬದಲಿಸಲು ಸಮಯ ಕೊಡುತ್ತಾರೆ, ಗಾಬರಿ ಬೇಡ.

ಅಂದಹಾಗೆ, ನೀನು ಕಟ್‌ಆಫ್ ನೋಡಿದ್ದು ಯಾವ ಕಾಲಂನಲ್ಲಿ? ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅರ್ಜಿಯಲ್ಲಿ ಅದನ್ನು ಹಾಕಿದ್ದರೆ ನಿನ್ನ ಕೆಟಗರಿಯ ಮುಂದೆ ಕೆ ಅಕ್ಷರ ಇರುವ ಕಾಲಂ ನೋಡಬೇಕು. ಜಿಎಂ (ಜನರಲ್ ಮೆರಿಟ್) ಆದರೆ ಜಿಎಂಕೆ, 2ಎ ಆದರೆ 2ಎಕೆ. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಆರ್ ಕಾಲಂ. ಅಲ್ಲಿ ಕೊನೆಯ ರ‍್ಯಾಂಕ್ ಬೇರೆಯೇ ಇರುತ್ತದೆ. ಬರೀ ಜಿಎಂ ಕಾಲಂ ನೋಡಿ ಇಸಿ ಕೆಳಗಿನ ಕಾಲೇಜಿಗೇ ಅಂತ ತೀರ್ಮಾನಿಸಿದ್ದರೆ, ಆ ಹಳೆಯ ಕಾಲೇಜಿನ ಇಸಿಯನ್ನೇ ಎಲ್ಲಕ್ಕಿಂತ ಮೇಲೆ ಹಾಕಿ ನೋಡು.