ಬೆಲ್ ಹೌಸಿಂಗ್ ತೂತಿನಿಂದ ಆಯಿಲ್, ಏರಿನಲ್ಲಿ ಕ್ಲಚ್ ಜಾರಾಟ: ಪ್ಲೇಟ್ ಮೊದಲೋ, ಸೀಲ್ ಮೊದಲೋ?

ಮಲೇಬೆನ್ನೂರು

50 ಎಚ್‌ಪಿ ಟ್ರ್ಯಾಕ್ಟರ್, ಡ್ಯುಯಲ್ ಕ್ಲಚ್, ಮೀಟರ್‌ನಲ್ಲಿ 3,400 ಗಂಟೆ. ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಒಂದು ತಿಂಗಳು ಕೇಜ್ ವೀಲ್ ಹಾಕಿ ಕೆಸರು ಗದ್ದೆಯಲ್ಲೇ ಓಡೈತೆ. ಈಗ ಬೆಲ್ ಹೌಸಿಂಗ್ (ಇಂಜಿನ್, ಗೇರ್‌ಬಾಕ್ಸ್ ನಡುವೆ ಕ್ಲಚ್ ಕೂರೋ ಗೂಡು) ತಳದ ತೂತಿನಿಂದ ಆಯಿಲ್ ತೊಟ್ಟಿಕ್ತಾ ಐತೆ. ಲೋಡ್ ಟ್ರೈಲರ್ ಎಳ್ಕೊಂಡು ಏರು ಹತ್ತುವಾಗ ಇಂಜಿನ್ ರೇಸ್ ಆಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ನಿಂತಲ್ಲಿ ಗೇರ್ ಹಾಕಿದ್ರೆ ಒಮ್ಮೊಮ್ಮೆ ಕರ್ರ್ ಅಂತೈತೆ. ಮೇಸ್ತ್ರಿ ಹೊಸ ಕ್ಲಚ್ ಪ್ಲೇಟ್ ಹಾಕಿದ್ರೆ ಸಾಕು ಅಂತಾರೆ. ಹೌದಾ?

ಹರಿಹರ

ಬರೀ ಪ್ಲೇಟ್ ಹಾಕಬೇಡಿ ಅಣ್ಣ. ಆಯಿಲ್ ಎಲ್ಲಿಂದ ಬರ್ತೈತೆ ಅಂತ ತಿಳಿಯದೆ ಹಾಕಿದ ಹೊಸ ಪ್ಲೇಟೂ ಅದೇ ಆಯಿಲ್ ಕುಡಿದು ಮತ್ತೆ ಜಾರುತ್ತೆ. ಟ್ರ್ಯಾಕ್ಟರ್ ಬಿಚ್ಚಿ ಎರಡು ಭಾಗ ಮಾಡೋ ಕೂಲಿ ಎರಡು ಸಲ ಕೊಡಬೇಕಾಗುತ್ತೆ.

ಮೊದಲು ಆ ತೊಟ್ಟನ್ನ ಬಿಳಿ ಬಟ್ಟೆ ಮೇಲೆ ಹಿಡೀರಿ. ಕಪ್ಪಗಿದ್ರೆ ಇಂಜಿನ್ ಆಯಿಲ್, ಡೀಸೆಲ್ ಮಸಿಯ ಬಣ್ಣ ಅದು. ಜೇನಿನ ಬಣ್ಣ, ಮೂಗಿಗೆ ಹೊಡೆಯೋ ಗಂಧಕದ ವಾಸನೆ ಇದ್ರೆ ಗೇರ್ ಆಯಿಲ್. ಗೇರ್‌ಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್ ಇರೋ ಗಾಡಿಯಲ್ಲಿ ವಾಸನೆ ಅಷ್ಟು ಇರಲ್ಲ, ಬಣ್ಣ ನೋಡ್ರಿ. ಮಜ್ಜಿಗೆ ಥರ ಬೆಳ್ಳಗಿದ್ರೆ ಆಯಿಲ್‌ಗೆ ಗದ್ದೆ ನೀರು ಸೇರೈತೆ. ತೆಳ್ಳಗೆ ಡೀಸೆಲ್ ವಾಸನೆ ಬಂದ್ರೆ ಖುಷಿಪಡಿ, ಮೇಲಿನ ಡೀಸೆಲ್ ರಿಟರ್ನ್ ಪೈಪ್ ಸೋರಿ ಹಿಂದಕ್ಕೆ ಹರಿದು ಬರ್ತಿರಬಹುದು.

ಆಮೇಲೆ ಟ್ಯಾಪೆಟ್ ಕವರ್, ಹೆಡ್ಡಿನ ಹಿಂಭಾಗ, ಫಿಲ್ಟರ್ ಬುಡ ಎಲ್ಲಾ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚೋ ಪೌಡರ್ ಉದುರಿಸಿ ಅರ್ಧ ಗಂಟೆ ಓಡಿಸಿ. ಪೌಡರ್ ಮೇಲೆ ಗೆರೆ ಎಲ್ಲಿ ಶುರುವಾಗುತ್ತೋ ಅಲ್ಲೇ ಸೋರಿಕೆ. ಹೊರಗೆ ಎಲ್ಲೂ ಗೆರೆ ಇಲ್ದೆ ತೂತಿನಿಂದ ಮಾತ್ರ ಬಂದ್ರೆ ಒಳಗಿನ ಸಮಸ್ಯೆ.

ಕಪ್ಪು ಆಯಿಲ್ ಅಂದ ತಕ್ಷಣ ರಿಯರ್ ಸೀಲ್ (ಕ್ರ್ಯಾಂಕ್ ಹಿಂದಿನ ತುದಿಯಲ್ಲಿ ಆಯಿಲ್ ತಡೆಯೋ ಬಳೆ) ಮೇಲೆ ತಪ್ಪು ಹೊರಿಸಬೇಡಿ. ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪ್ ಕೆಸರಿನಿಂದ ಕಟ್ಟಿದ್ರೆ ಒಳಗಿನ ಒತ್ತಡ ಒಳ್ಳೇ ಸೀಲ್‌ನಿಂದಲೂ ಆಯಿಲ್ ಹೊರಗೆ ನೂಕುತ್ತೆ. ಇನ್ನೊಂದು: ಇಂಜಿನ್ ಆಫ್ ಇರಲಿ, ಒಬ್ಬರು ಕ್ಲಚ್ ಒತ್ತಿ ಬಿಡ್ತಾ ಇರಲಿ, ಇನ್ನೊಬ್ಬರು ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡ್ರಿ. ಒತ್ತಿದಾಗೆಲ್ಲ ಪುಲ್ಲಿ ಮುಂದಕ್ಕೆ ಸರಿಯೋದು ಕಣ್ಣಿಗೇ ಕಂಡ್ರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂಗೆ ಹಿಡಿಯೋ ಥ್ರಸ್ಟ್ ವಾಷರ್ ಸವೆದೈತೆ, ಸೀಲ್ ಎಷ್ಟು ಸಲ ಹಾಕಿದ್ರೂ ನಿಲ್ಲಲ್ಲ.

ಚಿತ್ರದುರ್ಗ

ಮೇಲಿನವರು ಸರಿಯಾಗೇ ಹೇಳ್ಯಾರೆ. ಕ್ಲಚ್ ಕಡೆಯದು ನಾನು ಹೇಳ್ತೀನಿ. ಇಲ್ಲಿ ಎರಡು ಬೇರೆ ಕಾಯಿಲೆ ಅವೆ.

ಏರಲ್ಲಿ ರೇಸ್ ಆಗೋದು ಜಾರಾಟ. ಬಿಚ್ಚೋಕೆ ಮೊದಲು ಪೆಡಲ್ ಫ್ರೀ ಪ್ಲೇ (ಕ್ಲಚ್ ಬಿಡೋಕೆ ಶುರುವಾಗೋ ಮೊದಲು ಪೆಡಲ್ ಸುಮ್ಮನೆ ಇಳಿಯೋ ಅಂತರ) ಅಳೀರಿ. ಬಹಳ ಟ್ರ್ಯಾಕ್ಟರ್‌ಗಳಲ್ಲಿ 25ರಿಂದ 30 ಮಿ.ಮೀ. ಆಸುಪಾಸು, ನಿಮ್ಮ ಮಾಡೆಲ್‌ನ ಪುಸ್ತಕದ ಅಳತೆಯೇ ಅಂತಿಮ. ಫ್ರೀ ಪ್ಲೇ ಸೊನ್ನೆ ಆಗಿದ್ರೆ ರಿಲೀಸ್ ಬೇರಿಂಗ್ ಯಾವಾಗಲೂ ಫಿಂಗರ್ (ಕ್ಲಚ್ ಬಿಡಿಸೋ ಸಣ್ಣ ಲಿವರ್) ಮೇಲೆ ಕೂತಿರುತ್ತೆ, ಪ್ಲೇಟ್ ಪೂರಾ ಹಿಡಿಯಲ್ಲ. ಡ್ರೈವರ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಉಳುಮೆ ಮಾಡಿದ್ರೂ ಇದೇ ಗತಿ.

ನಿಂತಲ್ಲಿ ಕರ್ರ್ ಅನ್ನೋದು ಕ್ಲಚ್ ಪೂರಾ ಬಿಡದೇ ಇರೋದು. ಫ್ರೀ ಪ್ಲೇ ಜಾಸ್ತಿ, ಸ್ಪ್ಲೈನ್‌ನಲ್ಲಿ (ಪ್ಲೇಟ್ ಕೂರೋ ಶಾಫ್ಟಿನ ಹಲ್ಲುಗಳಲ್ಲಿ) ತುಕ್ಕು, ಪ್ಲೇಟ್ ಬಾಗಿರೋದು, ಫ್ಲೈವೀಲ್ (ಕ್ರ್ಯಾಂಕ್ ಹಿಂದಿನ ಭಾರದ ಚಕ್ರ) ನಡುವಿನ ಪೈಲಟ್ ಬೇರಿಂಗ್ ಜಾಮ್, ಇವೇ ಕಾರಣ. ಕೆಸರಲ್ಲಿ ಓಡಿದ ಗಾಡಿ ಅಂದ್ರೆ ಸ್ಪ್ಲೈನ್ ಮೇಲೆ ಮೊದಲ ಅನುಮಾನ.

ಸದ್ದನ್ನೂ ಕೇಳಿಸ್ಕೊಳ್ರಿ. ಪೆಡಲ್ ಮೆಲ್ಲಗೆ ಒತ್ತಿದ ತಕ್ಷಣ ಶುರುವಾದ್ರೆ ರಿಲೀಸ್ ಬೇರಿಂಗ್. ಕಾಲು ತೆಗೆದಾಗ ಇದ್ದು ಒತ್ತಿದಾಗ ನಿಂತ್ರೆ ಗೇರ್‌ಬಾಕ್ಸ್ ಇನ್‌ಪುಟ್ ಬೇರಿಂಗ್.

ಟಿಪ್ಪರ್, ಫೋರ್‌ವೀಲ್ ಜೀಪು ಇಟ್ಟವರಿಗೆ: ಹೈಡ್ರಾಲಿಕ್ ಕ್ಲಚ್ ಇದ್ದು ಗೇರ್ ಕರ್ರ್ ಅಂದ್ರೆ ಮೊದಲು ಕ್ಲಚ್ ಲಿವರ್ ನೂಕೋ ಸ್ಲೇವ್ ಸಿಲಿಂಡರ್ ರಬ್ಬರ್ ಬೂಟ್ ಎತ್ತಿ ನೋಡ್ರಿ. ಒಳಗೆ ಹಸಿ ಇದ್ರೆ ಸೋರಿಕೆ ಅಲ್ಲೇ, ಗೇರ್‌ಬಾಕ್ಸ್ ಇಳಿಸೋ ಮಾತೇ ಬೇಡ.

ಮಲೇಬೆನ್ನೂರು

ಆಯಿಲ್ ಕಪ್ಪಗೈತೆ. ಪುಲ್ಲಿ ಮುಂದಕ್ಕೆ ಸರಿಯೋದಿಲ್ಲ. ಫ್ರೀ ಪ್ಲೇ 28 ಮಿ.ಮೀ. ಬ್ರೀದರ್ ಪೈಪ್ ತುದಿಯಲ್ಲಿ ಕೆಸರು ಒಣಗಿ ಗಟ್ಟಿಯಾಗಿತ್ತು, ಕಡ್ಡಿ ಹಾಕಿ ತೆಗೆದ್ವಿ. ಪ್ಲೇಟ್ ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕಬಹುದಾ?

ಹರಿಹರ

ಬೇಡ. ಲೈನಿಂಗ್ ಆಯಿಲ್ ಹೀರಿಕೊಂಡಿರುತ್ತೆ. ಮೇಲೆ ತೊಳೆದ್ರೂ ಬಿಸಿಯಾದಾಗ ಒಳಗಿಂದ ಬೆವರುತ್ತೆ. ಪ್ಲೇಟ್ ಹೊಸದೇ ಆಗಬೇಕು. ಆದ್ರೆ ಇವತ್ತೇ ಬಿಚ್ಚಬೇಡಿ: ಬ್ರೀದರ್ ಬಿಡಿಸಿದ ಮೇಲೆ ತೂತಿನ ಕೆಳಗೆ ಡಬ್ಬಿ ಇಟ್ಟು ಎರಡು ಗಂಟೆ ಲೋಡ್ ಇಲ್ಲದೆ ಓಡಿಸಿ. ತೊಟ್ಟಿಕ್ಕೋದು ನಿಂತ್ರೆ ಸೀಲ್ ಬಗ್ಗೆ ಅರ್ಧ ಚಿಂತೆ ಕಳೀತು, ಆದ್ರೂ ಬಿಚ್ಚಿದ ಮೇಲೆ ಹಳೇದು ಬಿಡಬೇಡಿ. ಹೊಸ ಸೀಲ್ ಖರ್ಚು ಬಿಚ್ಚೋ ಕೂಲಿ ಮುಂದೆ ಏನೂ ಅಲ್ಲ.

ಬಿಚ್ಚುವಾಗ ಮುಂದಿನ ಆಕ್ಸಲ್ ಮತ್ತು ಅದರ ಸಪೋರ್ಟ್ ನಡುವೆ ಎರಡೂ ಬದಿಗೆ ಮರದ ಬೆಣೆ ಬಡೀರಿ. ಆಕ್ಸಲ್ ನಡುವಿನ ಪಿನ್ ಮೇಲೆ ತೂಗ್ತಿರುತ್ತೆ. ಬೆಣೆ ಇಲ್ದಿದ್ರೆ ಬೇರೆಯಾದ ಇಂಜಿನ್ ಪಕ್ಕಕ್ಕೆ ವಾಲಿ ಬೀಳುತ್ತೆ. ಬರೀ ಜಾಕ್ ನಂಬಬೇಡಿ, ಎರಡೂ ಭಾಗಕ್ಕೆ ಸ್ಟ್ಯಾಂಡ್ ಇರಲಿ. ಕ್ಲಚ್ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೀಬೇಡಿ, ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೀಲ್ ಕೂರೋ ಕ್ರ್ಯಾಂಕ್ ಮುಖದ ಮೇಲೆ ಉಗುರು ಅಡ್ಡ ಎಳೀರಿ. ಉಗುರು ತಗುಲಿ ನಿಂತ್ರೆ ಗೀರು ಬಿದ್ದೈತೆ. ಆಗ ತೆಳು ಸ್ಲೀವ್ ಹಾಕಬೇಕು, ಇಲ್ಲವೇ ಜಾಗ ಇದ್ರೆ ಸೀಲನ್ನು 2 ಮಿ.ಮೀ. ಹಿಂದೆ ಮುಂದೆ ಕೂರಿಸಿ ಹೊಸ ಮುಖ ಸಿಗೋ ಹಾಗೆ ಮಾಡಬೇಕು. ಸ್ಪ್ರಿಂಗ್ ಇರೋ ತುಟಿ ಇಂಜಿನ್ ಕಡೆಗೆ. ಫ್ಲೈವೀಲ್ ತೆಗೆದಾಗ ಕ್ಯಾಮ್ ಶಾಫ್ಟ್ ಹಿಂದಿನ ಡಮ್ಮಿ ಪ್ಲಗ್ಗೂ ನೋಡ್ರಿ. ಅದು ಸೋರಿದ್ರೂ ಬೈಗುಳ ಸೀಲ್‌ಗೇ ಬೀಳೋದು.

ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಇದೆಯಾ ನೋಡಿ. ಬಿರುಕು ಆಳವಾಗಿದ್ರೆ ಬದಲಿಸೋದೇ. ಬರೀ ಕಲೆ ಇದ್ರೆ ಲೇತ್‌ನಲ್ಲಿ ಸಣ್ಣದಾಗಿ ಮುಖ ತೆಗೆಸಿ. ಹರಿಹರದಲ್ಲೇ ತಯಾರಾದ ಹಳೇ ಕಿರ್ಲೋಸ್ಕರ್ ಲೇತ್ ಇರೋ ಅಂಗಡಿ ಸಿಕ್ಕಿದ್ರೆ ಈ ಕೆಲಸಕ್ಕೆ ಧಾರಾಳ ಸಾಕು.

ಚಿತ್ರದುರ್ಗ

ಜೋಡಿಸುವಾಗ ಸ್ಪ್ಲೈನ್‌ನ ತುಕ್ಕು ತೆಗೆದು, ಬಿಸಿ ತಾಳೋ ಗ್ರೀಸ್ ಬೆರಳಲ್ಲಿ ಸವರಿ ಉಳಿದದ್ದು ಒರೆಸಿಬಿಡಿ. ಜಾಸ್ತಿ ಆದ್ರೆ ಅದೇ ಸಿಡಿದು ಹೊಸ ಪ್ಲೇಟ್ ಕೆಡಿಸುತ್ತೆ. ಹೊಸ ಪ್ಲೇಟ್ ಒಣಗಿದ ಶಾಫ್ಟ್ ಮೇಲೆ ಕೈಯಲ್ಲೇ ಸಲೀಸಾಗಿ ಓಡಾಡಬೇಕು. ಹಳೇ ಇನ್‌ಪುಟ್ ಶಾಫ್ಟ್ ಇಟ್ಟು ಪ್ಲೇಟ್ ನಡುವಿಗೆ ತನ್ನಿ, ಪ್ರೆಷರ್ ಪ್ಲೇಟ್ ಬೋಲ್ಟ್ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ರಿ. ಫಿಂಗರ್‌ಗಳ ಎತ್ತರ ಎಲ್ಲಾ ಒಂದೇ ಇರಲಿ, ಒಂದು ತಗ್ಗಿದ್ರೂ ಬಿಡುವಾಗ ಗಾಡಿ ನಡುಗುತ್ತೆ.

ತಳದ ತೂತಿನ ವಿಷಯ: ಗದ್ದೆಗೆ ಇಳಿಯುವಾಗ ಮುಚ್ಚೋಕೆ ಪ್ಲಗ್ ಕೊಟ್ಟಿದ್ರೆ ಹಾಕಿ, ಸಂಜೆ ಮೇಲೆ ಬಂದ ತಕ್ಷಣ ತೆಗೀರಿ. ಪ್ಲಗ್ ಹಾಗೇ ಉಳಿದ್ರೆ ಸೋರಿದ ಆಯಿಲ್ ಹೊರಗೆ ಕಾಣದೆ ಪ್ಲೇಟ್ ತೋಯಿಸುತ್ತೆ. ಸುಗ್ಗಿ ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವಾಗ ಪೆಡಲ್ ಒತ್ತಿ ಮರದ ತುಂಡು ಕೊಟ್ಟು ಹಿಡಿಸಿ, ಪ್ಲೇಟ್ ಫ್ಲೈವೀಲ್‌ಗೆ ಅಂಟಲ್ಲ.